ಟ್ಯಾಂಕ್ ಅದೇ, ಸದ್ದು ಬೇರೆ

“ಅಲ್ಲಪ್ಪಾ, ಇದ್ರಲ್ಲಿ ಹೆಂಡ್ತೀನ ಎಲ್ಲಿ ಕೂರಿಸ್ತೀಯ?”

ಹೊಳಲ್ಕೆರೆಯ ಟೀ ಅಂಗಡಿಯೊಂದರ ಮುಂದೆ ಅಡಿಕೆ ತೋಟದ ಹಿರಿಯರೊಬ್ಬರು ಹಾಕಿದ ಈ ಪ್ರಶ್ನೆಗೆ ಸುತ್ತ ನಿಂತಿದ್ದವರೆಲ್ಲ ನಕ್ಕರು. ಬೆಂಗಳೂರಿನಿಂದ ರಜೆಗೆ ಬಂದಿದ್ದ ಹುಡುಗನೊಬ್ಬ ಆಗಷ್ಟೇ ತನ್ನ ಜಾವಾ ಪೆರಾಕ್‌ಗೆ ಸ್ಟ್ಯಾಂಡ್ ಹಾಕಿದ್ದ. ಹೊಳಪಿಲ್ಲದ ಕಪ್ಪು ಬಣ್ಣ, ತಗ್ಗಿದ ಮೈ, ತೇಲಿದಂತೆ ಕಾಣುವ ಒಂಟಿ ಸೀಟು. ಪಕ್ಕದಲ್ಲೇ ಹಿರಿಯರ ಯೆಜ್ಡಿ ರೋಡ್‌ಕಿಂಗ್ ನಿಂತಿತ್ತು. ಅದರ ಸೀಟಿನ ಮೇಲೆ ಮಡಿಸಿದ ಗೋಣಿಚೀಲ, ಹಿಂದೆ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ಕ್ಯಾರಿಯರ್. ಮೊಣಕಾಲು ತಾಗುವ ಕಡೆ ಟ್ಯಾಂಕಿನ ಬಣ್ಣ ಸವೆದು ತಗಡು ಹೊಳೆಯುತ್ತಿತ್ತು.

“ಇನ್ನೂ ಮದ್ವೆ ಆಗಿಲ್ಲ ದೊಡ್ಡಪ್ಪ,” ಅಂದ ಹುಡುಗ.

“ಈ ಗಾಡಿ ನೋಡಿದ್ಮೇಲೆ ಹೆಣ್ಣು ಯಾರು ಕೊಡ್ತಾರೆ?”

ತಮಾಷೆಯಲ್ಲಿ ಶುರುವಾದ ಮಾತು ಸೈಲೆನ್ಸರ್, ಸದ್ದು, ಪಾರ್ಟ್ಸ್ ಎಂದು ಎರಡು ಟೀ ಮುಗಿಯುವವರೆಗೂ ನಡೆಯಿತು. ಕೊನೆಗೆ ಇಬ್ಬರೂ ಗಾಡಿ ಬದಲಿಸಿಕೊಂಡು ನೋಡೋಣ ಎಂದರು. ಹಿರಿಯರು ಬಟನ್ ಒತ್ತಿದರು, ಪೆರಾಕ್ ಗುರ್ರೆಂದಿತು. ಹುಡುಗ ಮಾತ್ರ ರೋಡ್‌ಕಿಂಗ್‌ನ ಬಲಕ್ಕೂ ಎಡಕ್ಕೂ ಬಗ್ಗಿ ಕಿಕ್ಕರ್ ಹುಡುಕುತ್ತಲೇ ಇದ್ದ. ಅದು ಅವನ ಕಣ್ಣೆದುರಿಗೇ ಇತ್ತು. ಗೇರ್ ಲಿವರ್ ಎಂದು ಅವನು ಬಿಟ್ಟುಬಿಟ್ಟದ್ದೇ ಕಿಕ್ಕರ್!

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಬೈಕ್ ಪ್ರಿಯರು ಜಾವಾ–ಯೆಜ್ಡಿಯ ಹೊಸ ರೂಪಗಳ ಬಗ್ಗೆ ಮಾತಾಡುವಾಗ ನನಗೆ ಈ ದೃಶ್ಯ ನೆನಪಾಗುತ್ತದೆ. ಒಂದೇ ಮನೆತನದ ಎರಡು ಗಾಡಿ. ಹಳಬರಿಗೆ ಹೊಸದು ಸುಲಭ, ಹೊಸಬರಿಗೆ ಹಳೆಯದು ಒಗಟು. ಆದರೂ ಇಬ್ಬರೂ ‘ನಮ್ಮದೇ ನಿಜವಾದದ್ದು’ ಎನ್ನುತ್ತಾರೆ.

ಯಾದವಗಿರಿಯಿಂದ ಬಂದ ಗಾಡಿ

ಈ ಜಗಳದಲ್ಲಿ ನಮಗೆ ಒಂದು ಹಕ್ಕಿದೆ. ಜಾವಾ ಹುಟ್ಟಿದ್ದು ಪ್ರಾಗ್ ನಗರದಲ್ಲಿ, 1929ರಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಬೈಕ್ ವಿಭಾಗವನ್ನು ಕೊಂಡು, ಎರಡೂ ಹೆಸರಿನ ಮೊದಲ ಅಕ್ಷರಗಳನ್ನು (Ja, Wa) ಜೋಡಿಸಿದಾಗ ‘ಜಾವಾ’ ಆಯಿತು. ಆದರೆ ಭಾರತದ ಜಾವಾ ಕನ್ನಡ ನಾಡಿನದು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಜಯಚಾಮರಾಜ ಒಡೆಯರ್ ಅವರ ಬೆಂಬಲದಿಂದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಿಂದ ಅಲ್ಲಿ 250 ಸಿಸಿಯ ಜಾವಾ ತಯಾರಾಗತೊಡಗಿತು. ಜೆಕ್ ಕಂಪನಿಯ ಹೆಸರು ಬಳಸುವ ಒಪ್ಪಂದ ಮುಗಿದಾಗ, 1970ರ ದಶಕದ ಮೊದಲ ವರ್ಷಗಳಲ್ಲಿ ಟ್ಯಾಂಕಿನ ಮೇಲಿನ ಹೆಸರು ‘ಯೆಜ್ಡಿ’ ಎಂದು ಬದಲಾಯಿತು. ಇರಾನಿನ ಯಾಜ್ದ್ ಪಟ್ಟಣದ ನೆನಪಿಗೆ ಇಟ್ಟ ಹೆಸರು ಅದು. 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು.

ಆ 35 ವರ್ಷಗಳಲ್ಲಿ ಜಾವಾ–ಯೆಜ್ಡಿ ನಮ್ಮ ಕಡೆಯ ಹಳ್ಳಿಗಳಿಗೆ ಗಟ್ಟಿಯಾಗಿ ಹೊಂದಿಕೊಂಡವು. ಹಾಲಿನ ಕ್ಯಾನು, ತೆಂಗಿನಕಾಯಿ ಚೀಲ, ಪಂಪ್‌ಸೆಟ್ಟಿನ ಮೋಟಾರು ಎಲ್ಲವನ್ನೂ ಹೊತ್ತವು. ಬುಲೆಟ್ ಇದ್ದವರು ಗೌಡರು, ಪಟೇಲರು. ಯೆಜ್ಡಿ ಇದ್ದವರು ಮೇಷ್ಟ್ರು, ಗ್ರಾಮಸೇವಕರು, ಸೊಸೈಟಿ ಸೆಕ್ರೆಟರಿಗಳು, ನಾಲ್ಕು ಎಕರೆ ತೋಟದವರು. ಹಾಗಾಗಿ ಈ ಬೈಕಿನ ಆಕಾರ ಬದಲಾದಾಗ ನಮ್ಮವರಿಗೆ ಮನೆಯ ಪಡಸಾಲೆಯನ್ನು ಯಾರೋ ಕೇಳದೆ ಒಡೆದು ಕಟ್ಟಿದಷ್ಟು ಕಸಿವಿಸಿ.

ಒಂದು ಲಿವರಿನ ಕತೆ

ಚಿತ್ರದುರ್ಗದಲ್ಲಿ ಹೊಳಲ್ಕೆರೆ ರಸ್ತೆಯ ಕಡೆ ನನಗೆ ಪರಿಚಯದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅರವತ್ತು ದಾಟಿದವರು. ವಿನ್ಯಾಸ ಎಂದರೆ ಏನು ಎಂದು ಅವರಿಂದ ನಾನು ಕಲಿತದ್ದು ಆ ಒಂದು ಲಿವರಿನಿಂದ.

ಹಳೆಯ ಜಾವಾ–ಯೆಜ್ಡಿಯ ಎಡಗಡೆ ಒಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗಿ ನಿಲ್ಲುತ್ತದೆ. ಒದ್ದು ಎಂಜಿನ್ ಹತ್ತಿದ ಮೇಲೆ ಮತ್ತೆ ಮುಂದಕ್ಕೆ ತಂದು ಕೂರಿಸಿದರೆ ಅದೇ ಗೇರ್ ಲಿವರ್. ಹಳೆಯ ಜಾವಾದಲ್ಲಿ ಇನ್ನೊಂದು ಚಮತ್ಕಾರವಿತ್ತು. ಗೇರ್ ಲಿವರನ್ನು ಕಾಲಲ್ಲಿ ಅದುಮಿದಾಗ ಒಳಗಿನ ಕ್ಲಚ್ ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ಓಡುವಾಗ ಗೇರ್ ಹಾಕಲು ಕೈಯಲ್ಲಿ ಕ್ಲಚ್ ಹಿಡಿಯಲೇಬೇಕೆಂದಿಲ್ಲ. “ಕ್ಲಚ್ ವೈರ್ ತುಂಡಾದ್ರೂ ಜನ ಮನೆ ಸೇರ್ತಿದ್ರು ಸಾರ್,” ಎನ್ನುತ್ತಾರೆ ಅವರು. ಆ ಮಾತಿನಲ್ಲಿ ಗಾಡಿ ಮಾಡಿದವರ ಮೇಲೆ ಒಂದು ಗೌರವವಿದೆ.

ಎರಡು ಸ್ಟ್ರೋಕಿನ ಆ ಎಂಜಿನ್‌ನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ಬಾಗಿಲು ತೆರೆದು ಮುಚ್ಚುತ್ತದೆ. ಪೆಟ್ರೋಲಿಗೆ ಲೀಟರಿಗೆ ಮೂವತ್ತು ನಲವತ್ತು ಮಿಲಿಯಷ್ಟು ಆಯಿಲ್ ಬೆರೆಸಿ ಹಾಕಿದರೆ ಒಳಗಿನ ಬೇರಿಂಗುಗಳಿಗೂ ಅದೇ ಜಿಡ್ಡು. ಬದಿಯ ಮುಚ್ಚಳ ತೆಗೆದು, ಪಾಯಿಂಟನ್ನು ಪಾಲಿಶ್ ಪೇಪರಿನಿಂದ ಉಜ್ಜಿ, ಗ್ಯಾಪ್ ಸರಿಮಾಡಿ, ಪ್ಲಗ್ ಒರೆಸಿದರೆ ಹೆಚ್ಚಿನ ಕಾಯಿಲೆ ವಾಸಿ. ಸೈಲೆನ್ಸರಿನಲ್ಲಿ ಮಸಿ ಕಟ್ಟಿದರೆ ಕಾಸ್ಟಿಕ್ ಸೋಡಾ ಹಾಕಿ ತೊಳೆಯುವುದು. ಸಿಲಿಂಡರ್ ಒಂದೇ ಆದರೂ ಸೈಲೆನ್ಸರ್ ಎರಡು, ಬಲಕ್ಕೊಂದು ಎಡಕ್ಕೊಂದು. ಪಿಸ್ಟನ್ ಪ್ರತಿ ಸಲ ಮೇಲೆ ಬಂದಾಗಲೂ ಕಿಡಿ ಹಾರುವುದರಿಂದ ಆ ಬಿಡುವಿಲ್ಲದ ಪಟಪಟ ಸದ್ದು. ಊರ ಹೊರಗಿನ ತಿರುವಿನಲ್ಲಿ ಕೇಳಿದರೇ ಯಾರ ಗಾಡಿ ಎಂದು ಹೇಳುತ್ತಿದ್ದರು.

ಸದ್ದು ಬದಲಾದದ್ದು ಏಕೆ?

“ಹಳೇ ಜಾವಾನ ಹಂಗೇ ಮಾಡಿಕೊಟ್ರೆ ಇವರ ಗಂಟೇನು ಹೋಗ್ತಿತ್ತು?” ಹೊಸದುರ್ಗದ ಕಡೆ ಹೋದಾಗಲೆಲ್ಲ ಕಿವಿಗೆ ಬೀಳುವ ಪ್ರಶ್ನೆ ಇದು. ಉತ್ತರ ಕಾನೂನಿನಲ್ಲಿದೆ.

ಎರಡು ಸ್ಟ್ರೋಕಿನ ಎಂಜಿನ್‌ನ ಸರಳತೆಯೇ ಅದರ ದೋಷ. ಹೊಸ ಇಂಧನ ಒಳಗೆ ಬರುವುದೂ ಸುಟ್ಟ ಹೊಗೆ ಹೊರಗೆ ಹೋಗುವುದೂ ಹೆಚ್ಚುಕಡಿಮೆ ಒಟ್ಟಿಗೆ ನಡೆಯುವುದರಿಂದ ಒಂದಷ್ಟು ಪೆಟ್ರೋಲು ಸುಡದೆಯೇ ಸೈಲೆನ್ಸರಿನಿಂದ ಹೊರಬೀಳುತ್ತದೆ. ಜೊತೆಗೆ ಆಯಿಲ್ ಸುಟ್ಟ ನೀಲಿ ಹೊಗೆ. 1980ರ ದಶಕದ ನಡುವಿನಲ್ಲಿ ಜಪಾನಿನ ತಂತ್ರಜ್ಞಾನದ 100 ಸಿಸಿ ಬೈಕುಗಳು ಬಂದು, ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ ಮನೆಮನೆಗೆ ಹೊಕ್ಕಾಗಲೇ ಯೆಜ್ಡಿಗೆ ಏದುಸಿರು ಶುರುವಾಗಿತ್ತು. ಆಮೇಲೆ ಹೊಗೆ ನಿಯಮಗಳು ಒಂದರ ಮೇಲೊಂದು ಬಿಗಿಯಾದವು. 2020ರ ಏಪ್ರಿಲ್‌ನಿಂದ ಬಿಎಸ್-6 ಕಡ್ಡಾಯ. ಅದಕ್ಕೆ ಮೊದಲೇ, 2017ರಿಂದ ಹೆಡ್‌ಲೈಟ್ ಸದಾ ಉರಿಯಬೇಕೆಂಬ ನಿಯಮ, 2019ರಿಂದ 125 ಸಿಸಿ ಮೀರಿದ ಬೈಕಿಗೆ ಎಬಿಎಸ್ ಬ್ರೇಕ್.

ಈ ಒಂದೊಂದು ನಿಯಮವೂ ಬೈಕಿನ ಆಕಾರಕ್ಕೆ ಕೈ ಹಾಕುತ್ತದೆ. ಹೊಗೆ ಶುದ್ಧವಾಗಬೇಕಾದರೆ ಸೈಲೆನ್ಸರಿನ ದಾರಿಯಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಕೂರಬೇಕು, ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬರಬೇಕು. ಎಂಜಿನ್ ಬಿಸಿ ಒಂದೇ ಹದದಲ್ಲಿರಬೇಕೆಂದರೆ ಗಾಳಿಗಿಂತ ಕೂಲಂಟ್ ವಾಸಿ. ಕೂಲಂಟ್ ಬಂದರೆ ಮುಂದೆ ರೇಡಿಯೇಟರ್. ಎಬಿಎಸ್ ಬಂದರೆ ಅದರ ಪೆಟ್ಟಿಗೆಗೆ ಜಾಗ. ನಾಲ್ಕು ಸ್ಟ್ರೋಕಿನಲ್ಲಿ ಎಂಜಿನ್ ಎರಡು ಸುತ್ತು ಸುತ್ತಿದಾಗ ಒಂದೇ ಸಲ ಇಂಧನ ಸುಡುತ್ತದೆ. ಹಾಗಾಗಿ ಯಾವ ಸೈಲೆನ್ಸರ್ ಹಾಕಿದರೂ ಆ ಹಳೆಯ ಪಟಪಟ ಬರುವುದಿಲ್ಲ. ವಿನ್ಯಾಸಗಾರನ ಕೈಯಲ್ಲಿ ಉಳಿದದ್ದು ಟ್ಯಾಂಕು, ಸೀಟು, ಮಡ್‌ಗಾರ್ಡು, ಬಣ್ಣ.

ಮಾದರಿಗೊಂದು ಪಂಗಡ

2018ರ ನವೆಂಬರ್ 15ರಂದು ಜಾವಾ ಮತ್ತೆ ಬಂತು. ಮಹೀಂದ್ರ ಕಂಪನಿಯ ಬಂಡವಾಳ, ಅನುಪಮ್ ತರೇಜಾ ಮತ್ತು ರುಸ್ತುಂ ಇರಾನಿಯವರ ಮಗ ಬೊಮನ್ ಇರಾನಿಯವರ ಜೊತೆಗಾರಿಕೆ. ಕಂಪನಿಯ ಹೆಸರು ಕ್ಲಾಸಿಕ್ ಲೆಜೆಂಡ್ಸ್. ತಯಾರಿಕೆ ಮಧ್ಯಪ್ರದೇಶದ ಪೀತಂಪುರದಲ್ಲಿ. ಮೈಸೂರಿಗೆ ಅದು ಮರಳಲಿಲ್ಲ ಎಂಬ ಕೊರಗು ನಮ್ಮ ಕಡೆಯ ಹಳೆಯ ಮಾಲೀಕರಿಗೆ ಇಂದಿಗೂ ಇದೆ.

ಮೊದಲ ಜಾವಾ ಕಂಡಾಗ ಹಿರಿಯರ ಕಣ್ಣು ಒದ್ದೆಯಾದದ್ದು ಸುಳ್ಳಲ್ಲ. ಅದೇ ಮರೂನ್ ಬಣ್ಣ, ಟ್ಯಾಂಕಿನ ಬದಿಗೆ ಅದೇ ಕ್ರೋಮ್, ಚಿನ್ನದ ಬಣ್ಣದ ಸಣ್ಣ ಗೆರೆ, ಎರಡು ಸೈಲೆನ್ಸರ್. 293 ಸಿಸಿಯ ಆ ಎಂಜಿನ್‌ಗೆ ತಂಪು ಕೊಡುವುದು ಕೂಲಂಟ್. ಆದರೂ ಹೊರಗೆ ಗಾಳಿಯಿಂದ ತಣಿಯುವ ಎಂಜಿನ್‌ನಂತೆ ಸಾಲುಸಾಲು ಫಿನ್ಸ್. ರೇಡಿಯೇಟರ್ ಫ್ರೇಮಿನ ನಡುವೆ ಅಡಗಿ ಕುಳಿತಿತ್ತು. ನನ್ನ ಮೆಕ್ಯಾನಿಕ್ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿ, “ವೇಷ ಚೆನ್ನಾಗಿ ಹಾಕಿದಾರೆ ಸಾರ್,” ಎಂದರು. ಹೊಗಳಿಕೆಯೋ ಚುಚ್ಚುಮಾತೋ ನನಗೆ ತಿಳಿಯಲಿಲ್ಲ.

ಅದೇ ದಿನ ಬಂದ ‘42’ರ ಟ್ಯಾಂಕಿಗೆ ಕ್ರೋಮ್ ಇಲ್ಲ, ಬಣ್ಣ ಹೊಸತು. 2019ರಲ್ಲಿ ಬಿಡುಗಡೆಯಾದ 334 ಸಿಸಿಯ ಪೆರಾಕ್‌ಗೆ 1946ರ ಜೆಕ್ ಜಾವಾದ ಹೆಸರು. 2022ರಲ್ಲಿ 42 ಬಾಬರ್, 2024ರ ಜನವರಿಯಲ್ಲಿ ಜಾವಾ 350, ಸೆಪ್ಟೆಂಬರಿನಲ್ಲಿ ‘42 ಎಫ್‌ಜೆ’. ಈ ಕೊನೆಯದರ ಎರಡು ಅಕ್ಷರ ಫ್ರಾಂಟಿಶೆಕ್ ಯಾನೆಚೆಕ್‌ನ ನೆನಪಿಗೆ. ಇನ್ನೊಂದು ಕಡೆ 2022ರ ಜನವರಿಯಲ್ಲಿ ಯೆಜ್ಡಿ ರೋಡ್‌ಸ್ಟರ್, ಸ್ಕ್ರ್ಯಾಂಬ್ಲರ್, ಅಡ್ವೆಂಚರ್ ಎಂಬ ಮೂರು ರೂಪದಲ್ಲಿ ಬಂತು. ಆ ಹೆಸರು ಯಾರದು ಎಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿಗೂ ಹೋಯಿತು. ಮುಚ್ಚಿದ ಐಡಿಯಲ್ ಜಾವಾದ್ದೇ ಹೆಸರು ಎಂದು 2022ರ ಡಿಸೆಂಬರಿನಲ್ಲಿ ಏಕಸದಸ್ಯ ಪೀಠ ಹೇಳಿತು. ಮೇಲ್ಮನವಿಯಲ್ಲಿ ಆ ತೀರ್ಪು ತಿರುಗಿತು. ಒಂದು ಹೆಸರಿಗಾಗಿ ಇಷ್ಟು ಹೋರಾಟ ನಡೆಯಿತೆಂದರೆ ಜನರ ನೆನಪಿಗೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆಯಿದೆ ಎಂದು ತಿಳಿಯುತ್ತದೆ.

ಮಾದರಿ ಹೆಚ್ಚಿದಂತೆ ಅಭಿಪ್ರಾಯವೂ ಹಂಚಿಹೋಯಿತು. ಚಿತ್ರದುರ್ಗದ ಕಾಲೇಜು ಹುಡುಗರಿಗೆ ಬಾಬರ್ ಎಂದರೆ ಪ್ರಾಣ. ಮದುವೆ ಫೋಟೋಗೆ, ಕೋಟೆಯ ಮುಂದಿನ ರೀಲ್ಸ್‌ಗೆ ಅದಕ್ಕಿಂತ ಚೆಂದದ ಗಾಡಿ ಬೇರೊಂದಿಲ್ಲ. ಹೆದ್ದಾರಿಯಲ್ಲಿ ದೂರ ಓಡುವವರಿಗೆ ಅಡ್ವೆಂಚರ್ ಬೇಕು. 2022ರ ಅಡ್ವೆಂಚರ್ ಕಂಡವರು “ಹಿಮಾಲಯನ್ ಅಲ್ವಾ ಇದು?” ಎಂದು ಕೇಳುತ್ತಿದ್ದರು. ರಾಯಲ್ ಎನ್‌ಫೀಲ್ಡ್‌ನ ಆ ಬೈಕು 2016ರಿಂದಲೇ ರಸ್ತೆಯಲ್ಲಿತ್ತು. 2025ರ ಜೂನ್‌ನಲ್ಲಿ ಬಂದ ಹೊಸ ಅಡ್ವೆಂಚರ್‌ಗೆ ಜೋಡಿ ಹೆಡ್‌ಲೈಟ್ ಕೊಟ್ಟು ಆ ಪ್ರಶ್ನೆಯ ಬಾಯಿ ಮುಚ್ಚಿಸಿದ್ದಾರೆ. ಅದನ್ನು ಮೆಚ್ಚಿದವರಷ್ಟೇ ಮುಖ ಸಿಂಡರಿಸಿದವರೂ ಇದ್ದಾರೆ. ಆದರೆ ಈಗ ಯಾರೂ ಅದನ್ನು ಬೇರೆ ಬೈಕೆಂದು ತಪ್ಪಾಗಿ ಕರೆಯುವುದಿಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ ಬಂದ ರೋಡ್‌ಸ್ಟರ್‌ನಲ್ಲಿ ಹಿಂದಿನ ಸೀಟನ್ನು ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯಬಹುದು. ಹೊಳಲ್ಕೆರೆಯ ಹಿರಿಯರ ಪ್ರಶ್ನೆ ಕಂಪನಿಗೂ ಕೇಳಿಸಿತೇನೋ!

ಆ ಪ್ರಶ್ನೆ ಬರೀ ತಮಾಷೆಯೂ ಅಲ್ಲ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಸೀರೆ ಚಕ್ರಕ್ಕೆ ಸಿಕ್ಕದಂತೆ ಗಾರ್ಡು ಇರಬೇಕೆಂಬುದು ನಮ್ಮ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಭಾರತದಲ್ಲಿ ಬೈಕು ಎಂದರೆ ಇಬ್ಬರ ಗಾಡಿ ಎಂಬ ತಿಳಿವಳಿಕೆ ಆ ನಿಯಮದ ಬೆನ್ನಿಗಿದೆ. ಹೊಸ ಬೈಕಿನ ಅಂದಗೆಡಿಸುತ್ತದೆ ಎಂದು ಸೀರೆ ಗಾರ್ಡನ್ನು ಮೊದಲ ವಾರವೇ ಬಿಚ್ಚಿ ಅಟ್ಟಕ್ಕೆ ಎಸೆಯುವವರೂ ನಮ್ಮಲ್ಲೇ ಇದ್ದಾರೆ. ಮದುವೆಯಾದ ವರ್ಷ ಅದೇ ಅಟ್ಟ ಹತ್ತಿ ಹುಡುಕುವವರೂ ಅವರೇ.

ರಸ್ತೆ ಕೇಳುವುದೇ ಬೇರೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಕ್ಷೆಯ ಮೇಲೆ ನಾಲ್ಕೂ ಊರು ಹತ್ತಿರ ಹತ್ತಿರ. ಬೈಕಿನಿಂದ ಕೇಳುವುದು ಮಾತ್ರ ಬೇರೆ ಬೇರೆ.

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುವ 48ನೇ ರಾಷ್ಟ್ರೀಯ ಹೆದ್ದಾರಿ ನೆಟ್ಟಗೆ, ನುಣ್ಣಗೆ ಓಡುತ್ತದೆ. ಇಲ್ಲಿ ಲಾರಿಗಳನ್ನು ದಾಟಲು ದಮ್ಮು ಬೇಕು. ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ಸಾಲಾಗಿ ನಿಂತಿಲ್ಲ. ಬಯಲಿಗೆ ಬಂದೊಡನೆ ಅಡ್ಡಗಾಳಿ ಹ್ಯಾಂಡಲ್ಲನ್ನು ಎಳೆಯುತ್ತದೆ. ಹಳೆಯ ರೋಡ್‌ಕಿಂಗ್‌ಗೆ ಈ ರಸ್ತೆಯಲ್ಲಿ ಎಡಬದಿಯೇ ಗತಿ. ಹೊಸ 334 ಸಿಸಿ ಎಂಜಿನ್ ಆರನೇ ಗೇರಿನಲ್ಲಿ ಹಾಯಾಗಿ ಹೋಗುತ್ತದೆ. ಹೆದ್ದಾರಿಯ ಜನ ಹೊಸದನ್ನು ಮೆಚ್ಚುವುದು ಅದಕ್ಕೇ.

ಹಿರಿಯೂರಿನಿಂದ ಹೊಸದುರ್ಗದ ದಾರಿ ಹಿಡಿದರೆ ಮಾರಿಕಣಿವೆಯ ಹತ್ತಿರ ಹಾಯುತ್ತೇವೆ. ಅಲ್ಲಿ ವೇದಾವತಿ ನದಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ನೀರು ನೋಡಲು ಬಂದ ಬೈಕುಗಳ ಜಾತ್ರೆಯಲ್ಲಿ ಹಳೆಯದೂ ಹೊಸದೂ ಎಲ್ಲ ಇದ್ದವು. ಆಚೆಗೆ ತೆಂಗಿನ ತೋಟಗಳ ನಡುವಿನ ಹೊಸದುರ್ಗದ ಕಾಲುದಾರಿಗಳಲ್ಲಿ ಬೈಕಿನ ಹೊಟ್ಟೆ ನೆಲಕ್ಕೆ ತಾಗಬಾರದು, ಸೀಟು ಗಟ್ಟಿಯಿರಬೇಕು, ಹಿಂದೆ ಏನನ್ನಾದರೂ ಕಟ್ಟುವಂತಿರಬೇಕು. ಬಾಬರಿನ ತಗ್ಗಿದ ಮೈ ಇಲ್ಲಿ ಕೆಲಸಕ್ಕೆ ಬಾರದು.

ಹೊಳಲ್ಕೆರೆಯಲ್ಲಿ ಬೈಕನ್ನು ನಿರ್ಧರಿಸುವುದು ಅಡಿಕೆ. ಧಾರಣೆ ಚೆನ್ನಾಗಿದ್ದ ವರ್ಷ ಮಗನಿಗೆ ಹೊಸ ಗಾಡಿ. ಧಾರಣೆ ಬಿದ್ದ ವರ್ಷ ಅಪ್ಪನ ಗಾಡಿಗೇ ಹೊಸ ಪಿಸ್ಟನ್ ರಿಂಗು.

ನಾಲ್ಕೂ ಕಡೆ ಒಂದು ಮಾತು ಮಾತ್ರ ಸಮಾನವಾಗಿ ಕೇಳಿಬರುತ್ತದೆ: “ಕೆಟ್ರೆ ಯಾರು ನೋಡ್ತಾರೆ?” ಪೆರಾಕ್ ತಂದ ಹುಡುಗನಿಗೆ ಹಿರಿಯರು ಕೊನೆಯಲ್ಲಿ ಕೇಳಿದ್ದೂ ಇದನ್ನೇ. ಅವರ ಗಾಡಿಯನ್ನು ಹಳ್ಳಿಯ ಸೈಕಲ್ ಶಾಪಿನವರೂ ಬಿಚ್ಚಬಲ್ಲರು. ಹುಡುಗನ ಗಾಡಿಯಲ್ಲಿ ಮೀಟರಿನ ಮೇಲೆ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿದರೆ ಸ್ಕ್ಯಾನರ್ ಹಾಕಿ ಓದಬೇಕು. ಯಾವ ಕಂಪನಿಯ ಹೊಸ ಬೈಕಾದರೂ ಅಷ್ಟೇ. ಸೆನ್ಸರ್ ಒಂದು ಬರಲು ನಾಲ್ಕು ದಿನವಾದರೆ ಆ ನಾಲ್ಕು ದಿನ ತೋಟಕ್ಕೆ ಹೋಗುವವರು ಯಾರು?

ನನಗೆ ಈಗ ಅನ್ನಿಸುವುದು ಇಷ್ಟು. ನಮ್ಮವರು ಹಳೆಯ ಜಾವಾದ ಅಂದವನ್ನು ಹಾಡಿ ಹೊಗಳುವಾಗ ಅವರ ಮನಸ್ಸಿನಲ್ಲಿರುವುದು ಟ್ಯಾಂಕಿನ ಉಬ್ಬು ಒಂದೇ ಆಗಿರುವುದಿಲ್ಲ. ನೋಡಿದರೆ ಅರ್ಥವಾಗುವ, ಕೈಯಿಟ್ಟರೆ ಬಿಚ್ಚಿಕೊಳ್ಳುವ ಒಂದು ಯಂತ್ರದ ನೆನಪು ಅದು. ಹೊಸ ವಿನ್ಯಾಸ ಆ ಉಬ್ಬನ್ನು ಮರಳಿ ತಂದಿದೆ. ಬಿಚ್ಚಿ ನೋಡುವ ಧೈರ್ಯವನ್ನು ತಂದುಕೊಟ್ಟಿಲ್ಲ.

ಮುಂದಿನ ಮಾದರಿಗೆ ಮೊದಲು

ಮುಂದೆ ಏನು ಬರಬಹುದು ಎಂಬುದಕ್ಕೆ ತೆರಿಗೆಯಲ್ಲೇ ಒಂದು ಸುಳಿವಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕೆ ಮೇಲ್ಪಟ್ಟವಕ್ಕೆ ಶೇ 40. 334 ಸಿಸಿಯ ಜಾವಾ–ಯೆಜ್ಡಿಗೆ ಇದು ಸುಗ್ಗಿ. ಮುಂದಿನ ಹಲವು ಮಾದರಿಗಳೂ ಈ ಗೆರೆಯೊಳಗೇ ಇರುತ್ತವೆ ಎಂದು ಊಹಿಸಲು ಜ್ಯೋತಿಷ್ಯ ಬೇಡ. ಎಂಜಿನ್ ಒಂದೇ ಆಗಿ ರೂಪ ಹಲವು ಆದಾಗ ಪಾರ್ಟ್ಸ್ ಹಂಚಿಕೊಳ್ಳುವುದೂ ಸುಲಭ. ಹಳೆಯ ಹೆಸರನ್ನು ಹೊಸ ಕಾಲಕ್ಕೆ ಕೊಂಡೊಯ್ಯುವ ಬೇರೆ ದಾರಿಯೂ ಇದೆ. ಎರಡನೇ ಮಹಾಯುದ್ಧದಲ್ಲಿ ಸೈನಿಕರ ಜೊತೆ ಆಕಾಶದಿಂದ ಇಳಿಸುತ್ತಿದ್ದ ಪುಟ್ಟ ಬೈಕಿನ ಹೆಸರನ್ನು ರಾಯಲ್ ಎನ್‌ಫೀಲ್ಡ್ ತನ್ನ ವಿದ್ಯುತ್ ಬೈಕಿಗೆ ಇಟ್ಟು, 2024ರಲ್ಲಿ ‘ಫ್ಲೈಯಿಂಗ್ ಫ್ಲೀ’ ಎಂದು ತೋರಿಸಿತು. ನಾಳೆ ಯೆಜ್ಡಿಗೂ ಬ್ಯಾಟರಿ ಬಂದರೆ ನಮ್ಮ ಗುಡ್ಡದ ಗಾಳಿಯಲ್ಲೇ ಚಾರ್ಜ್ ಆಗಲಿ ಎಂದು ಚಿತ್ರದುರ್ಗದ ಹುಡುಗರು ಈಗಲೇ ನಗೆಯಾಡುತ್ತಾರೆ. ಸದ್ದೇ ಇಲ್ಲದ ಯೆಜ್ಡಿಯನ್ನು ನೆನೆದು ಹಿರಿಯರು ತಲೆ ಚಚ್ಚಿಕೊಳ್ಳುತ್ತಾರೆ.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಗಾಡಿಗಳು ಉಜ್ಜಿ ತೊಳೆದುಕೊಂಡು ಬೀದಿಗೆ ಬರುತ್ತವೆ. ಇಂದಿನ ಗಾಡಿಗಳೂ ಹಾಗೆ ಬಾಳಬೇಕಲ್ಲ! ಹೊಸ ಮಾದರಿ ಬಿಡುವ ಕಂಪನಿಗಳಿಗೆ, ಅದು ಜಾವಾ ಆಗಲಿ ಬೇರೆ ಯಾವುದೇ ಆಗಲಿ, ಒಂದೇ ವಿನಂತಿ. ಬಣ್ಣದ ಚಾರ್ಟಿನ ಜೊತೆಗೆ ತಾಲ್ಲೂಕಿಗೊಬ್ಬ ಮೆಕ್ಯಾನಿಕ್‌ಗೆ ತರಬೇತಿ ಕೊಡಿ, ಕನ್ನಡದಲ್ಲೊಂದು ರಿಪೇರಿ ಪುಸ್ತಕ ಕೊಡಿ, ಮಾಮೂಲಿ ಪಾರ್ಟ್ಸ್ ಹೊಸದುರ್ಗ–ಹೊಳಲ್ಕೆರೆಯ ಅಂಗಡಿಯಲ್ಲೂ ಸಿಗುವಂತೆ ಮಾಡಿ. ಕೊಳ್ಳುವವರಿಗೂ ಒಂದು ಮಾತು: ಷೋರೂಮಿನಲ್ಲಿ ಮೈಲೇಜು, ಬಣ್ಣ ಕೇಳುವ ಮೊದಲು ಕ್ಲಚ್ ಕೇಬಲ್, ಬ್ರೇಕ್ ಪ್ಯಾಡ್, ಏರ್ ಫಿಲ್ಟರ್ ಈ ಮೂರಕ್ಕೆ ಬೆಲೆ ಎಷ್ಟು, ಎಷ್ಟು ದಿನಕ್ಕೆ ಸಿಗುತ್ತದೆ ಎಂದು ಕೇಳಿ. ಉತ್ತರ ಸರಿಯಾಗಿ ಬಂದರೆ ಆಮೇಲೆ ಟ್ಯಾಂಕಿನ ಅಂದ ನೋಡೋಣ.